ಹೆಸರು ಹಾಕಿದ ಕುಕ್ಕರ್

ಗೋಡೆಯಾಚೆಯಿಂದ ಸುಯ್ಯೆನ್ನುವ ಸಣ್ಣ ಸದ್ದು ಬರುತ್ತಿತ್ತು. ನಿದ್ದೆ ಹತ್ತಿದವರನ್ನು ಎಬ್ಬಿಸುವಂಥ ಸದ್ದಲ್ಲ. ಆದರೆ ಕಾವೇರಿಗೆ ನಿದ್ದೆ ಹತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ನಾದಿನಿ ರೇವತಿ ಒಲೆ ಹಚ್ಚಿದ್ದಾಳೆ, ಎರಡನೇ ಪಾಳಿ ಮುಗಿಸಿ ಬರಲಿರುವ ಗಂಡ ಶರಣಬಸವನಿಗೆ ಬಿಸಿ ಅನ್ನಕ್ಕಿಟ್ಟಿದ್ದಾಳೆ ಎಂಬುದು ಅವಳಿಗೆ ಮಲಗಿದಲ್ಲೇ ತಿಳಿಯುತ್ತಿತ್ತು. ಕೆ.ಆರ್. ಪುರದ ಆ ವಠಾರದಲ್ಲಿ ಗೋಡೆಗಳು ನೋಟಕ್ಕೆ ಮಾತ್ರ ಇದ್ದವು, ಕಿವಿಗೆ ಇರಲಿಲ್ಲ. ಕುಕ್ಕರ್ ಎಂದ ಮೇಲೆ ಉಸಿರು ಕಟ್ಟಿ, ತಡೆಯಲಾರದೆ ಒಮ್ಮೆ ಸೀಟಿ ಹೊಡೆಯಬೇಕು. ಈ ಕುಕ್ಕರ್ ಹೊಡೆಯುತ್ತಿರಲಿಲ್ಲ. ಮುಚ್ಚಳದ ಅಂಚಿನಲ್ಲೆಲ್ಲೋ ಆವಿ ಸೋರಿಸಿಕೊಳ್ಳುತ್ತ, ಗೊಣಗುವ ಮುದುಕಿಯ ಹಾಗೆ ಕೆಲಸ ಮುಗಿಸುತ್ತಿತ್ತು.

ಆ ಕುಕ್ಕರನ್ನು ರೇವತಿಯ ಮದುವೆಗೆ ಕೊಟ್ಟವಳು ಕಾವೇರಿಯೇ. ಹಾಗಾಗಿ ಕಿವಿ ಅಲ್ಲೇ ನೆಟ್ಟಿತ್ತು.

ಸುಯ್ಯೆನ್ನುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತಿತು. ತುಸು ಹೊತ್ತಿಗೆ ಟಪ್ಪೆಂದಿತು. ಅದರ ಬೆನ್ನಿಗೇ ಬಾಯಿಗೆ ಸೆರಗು ತುರುಕಿಕೊಂಡು ಚೀರಿದಂಥ ಒಂದು ದನಿ.

“ಏನಾತಬೇ?” ಎಂದಳು ರೇವತಿಯ ಅತ್ತೆ ಪೀರಮ್ಮ, ಹಾಸಿಗೆಯಿಂದಲೇ.

“ಏನಿಲ್ರಿ ಅತ್ತಿ. ಗಂಜಿ ಉಕ್ಕಿತು.”

ಕಾವೇರಿ ಪಕ್ಕದಲ್ಲಿದ್ದ ಗಂಡ ದುರ್ಗೇಶನನ್ನು ನೋಡಿದಳು. ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡಿ ದಿನವಿಡೀ ಹಲಗೆ, ಕಬ್ಬಿಣ ಹೊತ್ತು ಬರುವವನು. ಅವನ ಎದೆಯ ಮೇಲೆ ಲಾರಿ ಹಾದರೂ ಮಗ್ಗುಲು ಬದಲಿಸುವವನಲ್ಲ. ಎಬ್ಬಿಸಲಿಲ್ಲ.

ಬೆಳಿಗ್ಗೆ ನಲ್ಲಿಯ ಹತ್ತಿರ ರೇವತಿ ಒಂದೇ ಕೈಯಲ್ಲಿ ಕೊಡ ತುಂಬಿಸುತ್ತಿದ್ದಳು. ಇನ್ನೊಂದು ಕೈ ಸೆರಗಿನೊಳಗಿತ್ತು.

“ಕೈ ತೋರ್ಸು,” ಎಂದಳು ಕಾವೇರಿ.

“ಏನಾಗಿಲ್ಲ ಅತ್ತಿಗೆಮ್ಮ. ಎಣ್ಣಿ ಸಿಡೀತು.”

“ಅನ್ನಕ್ಕ ಎಣ್ಣಿ ಯಾವಾಗಿಂದ ಹಾಕಾಕತ್ತಿ?”

ರೇವತಿ ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಕೆಂಪಗೆ ಉಬ್ಬಿ, ಅಲ್ಲಲ್ಲಿ ಬೊಬ್ಬೆ ಎದ್ದಿತ್ತು. ಮದುವೆಯ ಹಸಿರು ಬಳೆಗಳನ್ನು ಮೇಲೆ ಸರಿಸಿ ಬಟ್ಟೆ ಸುತ್ತಿದ್ದಳು. “ಮುಚ್ಚಳ ತಾನ ಎದ್ದು ಬಂತು. ಮುಖ ಈ ಕಡೆ ಇತ್ತು, ಬಚಾವಾದೆ. ನಮ್ಮತ್ತಿ ಮುಂದ ಹೇಳಬ್ಯಾಡ್ರಿ ಮತ್ತ. ‘ನಿಮ್ಮಣ್ಣ ಕೊಟ್ಟ ಕುಕ್ಕರ್’ ಅಂತ ಶುರು ಹಚ್ಕೊಂಡ್ರ ಸಂಜಿತನಕ ನಿಲ್ಸಂಗಿಲ್ಲ.”

ಪೀರಮ್ಮ ಶುರು ಹಚ್ಚಿಕೊಳ್ಳಲು ಕಾರಣವಿತ್ತು. ಮಾತುಕತೆಯ ಹೊತ್ತಿನಲ್ಲಿ ದುರ್ಗೇಶ ಹುಮ್ಮಸ್ಸಿನ ಮೇಲೆ ತಂಗಿಗೆ ಫ್ರಿಜ್ಜೇ ಕೊಡ್ತೀನಿ ಎಂದುಬಿಟ್ಟಿದ್ದ. ಕೊಡಲಾದದ್ದು ಕುಕ್ಕರ್. ಸಿಂಧನೂರಿನ ಮದುವೆ ಮಂಟಪದಲ್ಲಿ ಆಯೇರಿಯ ಹೊತ್ತಿಗೆ, ಅಂದರೆ ನೆಂಟರು ಒಬ್ಬೊಬ್ಬರಾಗಿ ಉಡುಗೊರೆ ತಂದಿಡುವಾಗ, ಸೋದರಮಾವ ಹುಲಿಗೆಪ್ಪ ಮೈಕು ಹಿಡಿದು ಕೂಗಿದ್ದ: “ಹೆಣ್ಣಿನ ಅಣ್ಣ ದುರ್ಗೇಶ, ಅತ್ತಿಗಿ ಕಾವೇರಿ, ಬೆಂಗಳೂರು, ಇವರಿಂದ ಸ್ಟೀಲ್ ಕುಕ್ಕರ್ ಒಂದು!” ಬೆಂಗಳೂರು ಎಂಬ ಮಾತನ್ನು ಅವನು ಎಳೆದು ಹೇಳಿದ್ದರಿಂದ ಕುಕ್ಕರಿಗೆ ಒಂದಿಷ್ಟು ಮರ್ಯಾದೆ ಬಂದಿತ್ತು. ಪೀರಮ್ಮ ಅದನ್ನು ಬೋರಲು ಹಾಕಿ, ತಳದಲ್ಲಿ ಕೆತ್ತಿದ್ದ ಹೆಸರಿನ ಮೇಲೆ ಬೆರಳಾಡಿಸಿದ್ದಳು. ಓದು ಬಾರದ ಆಕೆಗೆ ಹೆಸರು ಇದೆ ಎಂದು ಗೊತ್ತಾದರೆ ಸಾಕಿತ್ತು. “ಫ್ರಿಜ್ಜು ಸಣ್ಣದಾಗಿ ಹುಟ್ಟೈತಿ,” ಎಂದು ನಾಲ್ಕು ಹೆಂಗಸರನ್ನು ನಗಿಸಿದ್ದಳು. ಅಲ್ಲಿಗೆ ಮುಗಿದಿತ್ತು. ಈಗ ಮಗ ಸೊಸೆಯ ಹೊಸ ಸಂಸಾರ ನೋಡಲೆಂದು ಬಂದವಳು ಕೋಣೆಯ ಅರ್ಧ ನೆಲ ಹಿಡಿದು ಕೂತಿದ್ದಳು. ಊರಿಗೆ ಹೋಗುವ ಮಾತು ಇನ್ನೂ ಆಡಿರಲಿಲ್ಲ.

ಪೀರಮ್ಮ ಸ್ನಾನಕ್ಕೆ ಹೋದ ಹೊತ್ತು ನೋಡಿ ಕಾವೇರಿ ಆ ಕೋಣೆಗೆ ಹೋಗಿ ಕುಕ್ಕರನ್ನು ಬೆಳಕಿಗೆ ಹಿಡಿದಳು. ಅವಳು ಸಿಂಧನೂರಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿದವಳು. ಇಂದಿರಾನಗರದಲ್ಲಿ, ಆನ್‌ಲೈನಿನಲ್ಲಿ ಬಟ್ಟೆ ಮಾರುವ ಕಂಪನಿಯೊಂದರ ಕಚೇರಿಯಲ್ಲಿ ಕನ್ನಡದ ಗಿರಾಕಿಗಳ ದೂರು ಕೇಳುವುದು ಅವಳ ಕೆಲಸ. ಫೋಟೋ ಕಳಿಸಿ, ಲೇಬಲ್ ತೆಗೀಬೇಡಿ, ಬಿಲ್ ಇಟ್ಕೊಂಡಿರಿ ಎಂದು ದಿನವಿಡೀ ಊರವರಿಗೆಲ್ಲ ಹೇಳುವ ಬಾಯಿ ಅವಳದು. ಮುಚ್ಚಳದ ರಬ್ಬರು ಕರಗಿ ಕಪ್ಪು ಮೇಣದಂತಾಗಿತ್ತು. ಒಳಗಿನ ಒತ್ತಡ ಮಿತಿ ಮೀರಿದರೆ ತಾನೇ ಕರಗಿ ಆವಿಗೆ ದಾರಿ ಬಿಡಬೇಕಾದ ಗುಂಡಿಯ ಜಾಗದಲ್ಲಿ ಗಟ್ಟಿ ಉಕ್ಕಿನ ಮೊಳೆಯೊಂದನ್ನು ಬಡಿದು ಕೂರಿಸಿದ್ದರು. ಫೋನಿನಲ್ಲಿ ಕುಕ್ಕರ್ ಕಂಪನಿಯ ವೆಬ್‌ಸೈಟಿನ ಚಿತ್ರ ತೆಗೆದು ಪಕ್ಕದಲ್ಲಿ ಇಟ್ಟು ನೋಡಿದಳು. ಚಿತ್ರದ ಕುಕ್ಕರಿಗೂ ಇದಕ್ಕೂ ಹೊಂದುತ್ತಿದ್ದದ್ದು ಹಿಡಿಯ ಬಣ್ಣ, ಮೇಲಿನ ಹೆಸರು ಎರಡೇ.

ತಳ ತಿರುಗಿಸಿದಳು. ಐಎಸ್‌ಐ ಗುರುತು ಇತ್ತು. ಅದರ ಕೆಳಗೆ ಲೈಸೆನ್ಸ್ ನಂಬರು. ಆ ನಂಬರನ್ನು ಫೋನಿನ ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ಕಂಪನಿಯದು, ಯಾವ ಸಾಮಾನಿನದು ಎಂದು ತೋರಿಸುತ್ತದೆ. ಆದರೆ ನಂಬರಿನ ಕೊನೆಯ ಅಂಕೆಗಳ ಮೇಲೆ ಅವಳದೇ ಹೆಸರು ಕೂತಿತ್ತು. ‘ಕಾವೇರಿ’ ಎಂಬ ಅಕ್ಷರಗಳ ಗೀರು, ಸುರುಳಿ, ಗುಡಿಸು ಎಲ್ಲ ಅಂಕೆಗಳೊಳಗೆ ಹೊಕ್ಕು, ಮೂರೋ ಎಂಟೋ, ಒಂದೋ ಏಳೋ, ಏನೂ ಗೊತ್ತಾಗುತ್ತಿರಲಿಲ್ಲ. ತೋಚಿದ ಅಂಕೆಗಳನ್ನೆಲ್ಲ ಹಾಕಿ ನೋಡಿದಳು. ಕುಕ್ಕರಿನ ಕಂಪನಿ ಒಮ್ಮೆಯೂ ಬರಲಿಲ್ಲ. ಒಮ್ಮೆ ಮಾತ್ರ ಯಾವುದೋ ನೀರಿನ ಪೈಪಿನ ಕಾರ್ಖಾನೆಯ ಹೆಸರು ಬಂತು.

ಫೋಟೋ ತೆಗೆದು ಕಂಪನಿಗೆ ಕಳಿಸಿದಳು. ಉತ್ತರ ಬೇಗನೇ ಬಂತು. ನಂಬರು ಸ್ಪಷ್ಟವಾಗಿ ಕಾಣದ, ಮೇಲೆ ಗೀಚಿದ ವಸ್ತುವಿನ ಬಗ್ಗೆ ಏನನ್ನೂ ಖಚಿತವಾಗಿ ಹೇಳಲಾಗದು, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ಕಾವೇರಿ ಆ ವಾಕ್ಯವನ್ನು ಎರಡು ಸಲ ಓದಿದಳು. ಅಂಥದೇ ವಾಕ್ಯವನ್ನು ಅವಳು ಎಷ್ಟು ಜನರಿಗೆ ಟೈಪ್ ಮಾಡಿ ಕಳಿಸಿದ್ದಳೋ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಚೇರಿಯ ಮೆಟ್ಟಿಲ ಮೇಲೆ ಕೂತು ಗ್ರಾಹಕರ ಸಹಾಯವಾಣಿಗೆ ಫೋನು ಮಾಡಿದಳು. ಆ ಕಡೆಯ ಹೆಣ್ಣುಮಗಳು ತಾಳ್ಮೆಯಿಂದ ಕೇಳಿಸಿಕೊಂಡಳು.

“ಬಿಲ್ ಇದೆಯಾ ಮೇಡಂ?”

“ಇದೆ.”

“ಒಳ್ಳೇದು. ಕುಕ್ಕರ್‌ನ ಅಂಗಡಿಯವರ ಕೈಗೆ ಕೊಡ್ಬೇಡಿ, ಅದೇ ನಿಮ್ಮ ಸಾಕ್ಷಿ. ಫೋಟೋ ತೆಗೆದಿಟ್ಕೊಳ್ಳಿ. ಬರವಣಿಗೇಲಿ ಒಂದು ನೋಟಿಸ್ ಕೊಡಿ. ಸರಿ ಮಾಡ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಹಾಕ್ಬಹುದು. ಇಷ್ಟು ಚಿಕ್ಕ ಮೊತ್ತಕ್ಕೆ ಫೀಸಿಲ್ಲ, ವಕೀಲರೂ ಬೇಕೇಬೇಕು ಅಂತಿಲ್ಲ.”

“ನಂಬರ್ ಮೇಲೆ ಹೆಸರು ಕೆತ್ತಿದೆ...”

“ಪರವಾಗಿಲ್ಲ, ಪರೀಕ್ಷೆಗೆ ಕಳಿಸಿ ಅಂತ ಕೇಳ್ಕೊಬಹುದು. ನೀವು ತಗೊಂಡಿದ್ದು, ಬಳಸ್ತಿರೋದು ನಿಮ್ಮ ನಾದಿನಿ ಅಲ್ವಾ? ಬಳಸೋರೂ ಗ್ರಾಹಕರೇ. ಸುಟ್ಟ ಗಾಯಕ್ಕೂ ಪರಿಹಾರ ಕೇಳ್ಬಹುದು. ಅವರನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಚೀಟಿ ಇಟ್ಕೊಳ್ಳಿ. ಅವರ ಹೆಸರಲ್ಲೇ ದೂರು ಕೊಡ್ಸಿ.”

ಎಲ್ಲ ಇತ್ತು. ಕಾನೂನಿತ್ತು, ದಾರಿಯಿತ್ತು, ಹಕ್ಕಿತ್ತು. ಬೇಕಾಗಿದ್ದದ್ದು ರೇವತಿಯ ಹೆಸರು, ರೇವತಿಯ ಕೈ, ರೇವತಿಯ ಅತ್ತೆಯ ಮುಂದೆ ಬಾಯಿ ಬಿಟ್ಟು ಹೇಳುವ ಧೈರ್ಯ.

ಅಂದು ರಾತ್ರಿ ಊಟಕ್ಕೆ ಕೂತಾಗ ದುರ್ಗೇಶನಿಗೆ ಹೇಳಿದಳು. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

“ಕೊಟ್ಟ ಆಯೇರಿ ಮ್ಯಾಲ ಕೇಸ್ ಹಾಕ್ತಿಯೇನು? ಭೇಷ್. ಹುಲಿಗೆಪ್ಪ ಮಾವನ್ನೂ ಕರಸು, ಮೈಕ್ ಹಿಡದು ಕೂಗ್ತಾನ. ದುರ್ಗೇಶ ಕಾವೇರಿ, ಬೆಂಗಳೂರು, ಇವರಿಂದ ಡೂಪ್ಲಿಕೇಟ್ ಕುಕ್ಕರ್ ಒಂದು!”

“ಚಾಷ್ಟಿ ಬ್ಯಾಡ. ಆ ಹುಡುಗಿ ಕೈ ಸುಟ್ಟೈತಿ. ಮುಖಕ್ಕ ಬಡದಿದ್ರ?”

“ಹೊಸಾದು ಕೊಡಸೂಣು. ಬರೋ ತಿಂಗಳು.”

“ಅಲ್ಲಿತನಕ?”

“ಅಲ್ಲಿತನಕ ತಪೇಲ್ಯಾಗ ಮಾಡ್ಲಿ. ಹಳ್ಯಾಗ ಏನ್ ಕುಕ್ಕರ್‌ನ್ಯಾಗ ಬೆಳದಾಳೇನು?” ಎಂದವನು ಆಮೇಲೆ ದನಿ ತಗ್ಗಿಸಿದ. “ನೋಡು ಕಾವೇರಿ, ನೀ ಓದಿದಾಕಿ, ನಿನಗ ತಿಳಿತೈತಿ. ಆ ಮುದುಕಿ ಕಿವಿಗೆ ‘ನಕಲಿ’ ಅಂಬೋ ಮಾತು ಬಿತ್ತಂದ್ರ ರೇವತಿ ಸಾಯೋತನಕ ಅದನ್ನ ಹೊತ್ಕೊಂಡ್ ತಿರಗಬೇಕು. ಅಣ್ಣ ತಿಳದೇ ಕೊಟ್ಟ ಅಂತಾಳ. ಅಗ್ಗದ್ದು ಹುಡಕಿ ಕೊಟ್ಟ ಅಂತಾಳ. ಹೆಸರು ಬ್ಯಾರೆ ಹಾಕ್ಸೀದಿ ಅಷ್ಟು ದೊಡ್ಡದಾಗಿ.”

ಹೆಸರು ದೊಡ್ಡದಾಗಿ ಹಾಕಿಸು, ದೂರದಿಂದ ಕಾಣಬೇಕು ಎಂದು ಫೋನಿನಲ್ಲಿ ಹೇಳಿದವನು ಅವನೇ. ಕಾವೇರಿ ಅದನ್ನು ಎತ್ತಿ ಆಡಲಿಲ್ಲ. ಆಡಿ ಪ್ರಯೋಜನವೇನು. ತಪೇಲಿಯ ಮಾತು ಕೇಳಲು ಚೆನ್ನಾಗಿತ್ತು. ಆದರೆ ರೇವತಿ ತಪೇಲಿ ಹಿಡಿದ ದಿನವೇ ಪೀರಮ್ಮ ಕುಕ್ಕರಿಗೇನಾಯಿತು ಎಂದು ಕೇಳುತ್ತಾಳೆ. ಆ ಪ್ರಶ್ನೆಗೆ ಹೆದರಿ ಹುಡುಗಿ ಸುಟ್ಟ ಕೈಯಲ್ಲೇ ಅದೇ ಮುಚ್ಚಳ ಬಿಗಿಯುತ್ತಾಳೆ. ಮಾರನೆಯ ರಾತ್ರಿಯೂ ಗೋಡೆಯಾಚೆ ಬಿಗಿದಳು. ಕಾವೇರಿ ಎದ್ದು ಕೂತು, ಒಲೆ ಆರಿಸಿದ ಸದ್ದು ಕೇಳುವವರೆಗೆ ಗೋಡೆಗೆ ಅಂಗೈ ಒತ್ತಿಕೊಂಡೇ ಇದ್ದಳು.

ಶನಿವಾರ ಅವಳಿಗೆ ರಜೆ. ಬೆಳಿಗ್ಗೆ ಪಕ್ಕದ ಕೋಣೆಗೆ ಹೋಗಿ, “ಕುಕ್ಕರ್ ಕೊಡು ರೇವತಿ, ರಬ್ಬರ್ ಹಾಕ್ಸಿಕೊಂಡ್ ಬರ್ತೀನಿ,” ಎಂದಳು.

ಎಲೆ ಅಡಿಕೆ ಮೆಲ್ಲುತ್ತಿದ್ದ ಪೀರಮ್ಮ ಕತ್ತು ಎತ್ತಿದಳು. “ಏನು, ಕೊಟ್ಟ ಆಯೇರಿ ವಾಪಸ್ ಒಯ್ಯಾಕತ್ತೀಯೇನವ್ವ? ಬದಲಿಗೆ ಫ್ರಿಜ್ಜು ತರ್ತಿಯೇನು?”

“ಸಂಜಿಗೆ ತಂದು ನಿಮ್ಮ ಕೈಯಾಗ ಕೊಡ್ತೀನ್ರಿ.”

“ತಾ. ಇದನ್ನ ತಾ ಮತ್ತ. ಹೆಸರು ನೋಡೇ ಇಸ್ಗೋತೀನಿ ನಾ.”

ಅಂಗಡಿ ಹಲಸೂರಿನ ಪೇಟೆ ಬೀದಿಯಲ್ಲಿತ್ತು. ಕಚೇರಿ ಮುಗಿಸಿ ಒಂದು ನಿಲ್ದಾಣ ಆಚೆ ಹೋಗಿ ಇಳಿದರೆ ಸಾಕೆಂದು, ರಸೆಲ್ ಮಾರುಕಟ್ಟೆಯ ಕಡೆ ಅಲೆಯುವುದು ಬೇಡವೆಂದು, ಅಂದು ಅವಳು ಇಲ್ಲೇ ಕೊಂಡಿದ್ದಳು. ಮಾಲೀಕ ಆದಿನಾರಾಯಣ ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಪಟಕ್ಕೆ ಹೂವು ಏರಿಸುತ್ತಿದ್ದ. ಹಿಂದೆ, ಮೂಲೆಯ ಪುಟ್ಟ ಮೇಜಿನಲ್ಲಿ, ಪಾತ್ರೆಗಳಿಗೆ ಹೆಸರು ಕೆತ್ತುವ ಮುನೀರ್ ಭಾಯ್ ಕನ್ನಡಕ ಒರೆಸಿಕೊಳ್ಳುತ್ತಿದ್ದ.

“ಬನ್ನಿ ಮೇಡಂ, ಏನ್ ಕೊಡ್ಲಿ?”

ಕಾವೇರಿ ಚೀಲದಿಂದ ಕುಕ್ಕರ್ ತೆಗೆದು ಗಾಜಿನ ಮೇಲಿಟ್ಟಳು. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. “ಇದು ನಿಮ್ಮಲ್ಲಿ ತಗೊಂಡಿದ್ದು. ಒರಿಜಿನಲ್ ಅಂತ ಕೊಟ್ರಿ. ಒರಿಜಿನಲ್ ಅಲ್ಲ.”

ಆದಿನಾರಾಯಣ ಮುಚ್ಚಳ ನೋಡಲಿಲ್ಲ, ರಬ್ಬರು ನೋಡಲಿಲ್ಲ. ಮೊದಲು ಕುಕ್ಕರನ್ನು ಬೋರಲು ಹಾಕಿದ. ಅವನ ಮುಖ ಸಡಿಲವಾಯಿತು. “ದುರ್ಗೇಶ, ಕಾವೇರಿ. ನೀವೇನಾ ಕಾವೇರಿ? ನೋಡಿ ಮೇಡಂ, ಹೆಸರು ಹಾಕ್ಸಿದ್ ಮಾಲು ವಾಪಸ್ ಇಲ್ಲ. ಬೋರ್ಡೇ ಇದ್ಯಲ್ಲ, ಕನ್ನಡದಲ್ಲೂ ಇದೆ, ತಮಿಳಲ್ಲೂ ಇದೆ.”

“ಹೆಸರು ಫ್ರೀ ಅಂದಿದ್ದು ನೀವು.”

“ಫ್ರೀನೇ ಹಾಕ್ಸಿದೀನಿ. ಅದಕ್ಕೇನಾದ್ರೂ ಇಸ್ಕೊಂಡ್ನಾ?”

“ತಳದಲ್ಲಿ ಹಾಕ್ಸಿ ಅಂದಿದ್ದೂ ನೀವೇ.”

“ನಿಮ್ ಕಡೆಯೋರು ತಳದಲ್ಲೇ ಹಾಕ್ಸೋದು ಮೇಡಂ. ಗೂಡಲ್ಲಿ ಬೋರಲು ಜೋಡಿಸ್ತೀರಲ್ಲ, ಬಂದೋರಿಗೆ ಕಾಣ್ಬೇಕಲ್ಲ. ನನಗೆ ಗೊತ್ತಿಲ್ವಾ?”

ಅವನಿಗೆ ಗೊತ್ತಿತ್ತು. ಅಂದು ಅವನು ಹಾಗೆ ಹೇಳಿದಾಗ, ಈ ಊರಿನ ಅಂಗಡಿಯವನಿಗೆ ನಮ್ಮ ಕಡೆಯ ಪದ್ಧತಿಯೂ ತಿಳಿದಿದೆಯಲ್ಲ ಎಂದು ಅವಳು ಖುಷಿಪಟ್ಟಿದ್ದಳು. ಕೆತ್ತುವುದಕ್ಕೆ ಮೊದಲು ಆ ಗುರುತು, ಆ ನಂಬರು ಅವಳ ಕಣ್ಣೆದುರೇ ಇತ್ತು. ನೋಡಿಯೂ ನೋಡದೆ, ಅದರ ಮೇಲೆಯೇ ಬರೆಯಿರಿ ಎಂದು ಬೆರಳಿಟ್ಟು ತೋರಿಸಿದ್ದಳು.

“ನಕಲಿ ಮಾಲಿಗೆ ನಿಮ್ಮ ಬೋರ್ಡ್ ನಡಿಯಲ್ಲ ಸರ್,” ಎಂದಳು. ಜೋಡಿಸಿಕೊಂಡು ಬಂದದ್ದನ್ನು ಒಂದೊಂದಾಗಿ ಹೇಳಿದಳು. “ಬಿಲ್ ಇದೆ. ಫೋಟೋ ಇದೆ. ಸೇಫ್ಟಿ ಗುಂಡಿ ಇರೋ ಕಡೆ ಮೊಳೆ ಹೊಡೆದಿದೀರಿ. ಬಳಸಿದೋಳ ಕೈ ಸುಟ್ಟಿದೆ, ಅದರ ಫೋಟೋನೂ ಇದೆ. ಸಹಾಯವಾಣೀಲಿ ಮಾತಾಡಿದೀನಿ. ಆಯೋಗಕ್ಕೆ ಹಾಕಿದ್ರೆ ಇದನ್ನ ಪರೀಕ್ಷೆಗೆ ಕಳಿಸ್ತಾರೆ.”

ಫೋನಿನಲ್ಲಿ ರೇವತಿಯ ಕೈ ತೋರಿಸಿದಳು. ಮುಲಾಮು ಹಚ್ಚುವ ನೆಪದಲ್ಲಿ ತೆಗೆದ ಚಿತ್ರ. ಆದಿನಾರಾಯಣ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಪಕ್ಕದಂಗಡಿಯ ಕಡೆ ಕತ್ತು ಚಾಚಿ, “ಒಂದು ಟೀ ಕಳಿಸಪ್ಪ,” ಎಂದು ಕೂಗಿದ. ಮೇಡಂ ಹೋಗಿ ತಾಯಿ ಬಂತು.

“ಕೂತ್ಕೊಳ್ಳಿ ತಾಯಿ. ಪಾಪ, ಹೆಣ್ಮಗು. ನಮಗೂ ಮೇಲಿನೋರು ಹೇಗೆ ಕೊಡ್ತಾರೋ ಹಾಗೇ ಬರತ್ತೆ. ಈಗೇನು, ನಿಮಗೆ ಒರಿಜಿನಲ್ ಬೇಕು. ಕೊಡ್ತೀನಿ. ಅದೇ ಸೈಜು, ಅದೇ ಹಿಡಿ. ಅದೇ ಹೆಸರು, ಅದೇ ಥರ ಅಕ್ಷರ, ಮುನೀರ್ ಭಾಯ್ ಕೈಯಲ್ಲೇ. ಮನೇಲಿ ಯಾರಿಗೂ ಗೊತ್ತಾಗಲ್ಲ.”

ಕೊನೆಯ ಮಾತಿಗೆ ಕಾವೇರಿ ತಲೆ ಎತ್ತಿದಳು. ಮನೆಯ ವಿಚಾರ ಅವಳು ಒಂದಕ್ಷರ ಹೇಳಿರಲಿಲ್ಲ.

“ಹೆಸರು ಹಾಕ್ಸಿದೀರಿ ಅಂದ್ರೆ ಯಾರಿಗೋ ಕೊಟ್ಟಿರೋದೇ ಅಲ್ವಾ ತಾಯಿ?” ಅವನು ಮೃದುವಾಗಿಯೇ ಹೇಳುತ್ತಿದ್ದ, ಬುದ್ಧಿಮಾತು ಹೇಳುವ ಹಿರಿಯನ ಹಾಗೆ. “ಕೊಟ್ಟೋರು ಹೇಳ್ಕೊಳ್ಳೋಕಾಗಲ್ಲ. ಇಸ್ಕೊಂಡೋರಂತೂ ಕೇಳೋಕಾಗಲ್ಲ. ಆಯೋಗ ಗೀಯೋಗ ಅಂದ್ರಲ್ಲ, ಹೋಗಿ, ಬೇಡ ಅನ್ನಲ್ಲ. ಆ ಹುಡುಗಿ ಬಂದು ನಿಂತು, ನಮ್ಮೋರು ಕೊಟ್ಟಿದ್ದು ನಕಲಿ ಅಂತ ಹೇಳ್ಬೇಕು. ಹೇಳ್ತಾಳಾ? ಇಷ್ಟು ವರ್ಷದಲ್ಲಿ ಕೊಟ್ಟ ಸಾಮಾನಿಗೆ ಒಬ್ರೂ ಹೋಗಿಲ್ಲ.”

ಕಾವೇರಿ ಟೀ ಮುಟ್ಟಲಿಲ್ಲ. ಮನಸ್ಸಿನಲ್ಲಿ ಎರಡು ಚಿತ್ರಗಳು ಒಂದರ ಮೇಲೊಂದು ಬರುತ್ತಿದ್ದವು. ಒಂದರಲ್ಲಿ ರೇವತಿ ಯಾವುದೋ ಕಚೇರಿಯ ಬೆಂಚಿನ ಮೇಲೆ ಕೂತಿದ್ದಾಳೆ, ಪಕ್ಕದಲ್ಲಿ ಪೀರಮ್ಮ ಎಲೆ ಅಡಿಕೆ ಅಗಿಯುತ್ತ ಕಂಡಕಂಡವರಿಗೆ ಫ್ರಿಜ್ಜಿನ ಕಥೆ ಹೇಳುತ್ತಿದ್ದಾಳೆ. ಇನ್ನೊಂದರಲ್ಲಿ ರೇವತಿ ಒಲೆಯ ಮುಂದೆ ಬಾಗಿದ್ದಾಳೆ, ಮುಖ ಈ ಬಾರಿ ಮುಚ್ಚಳದ ಕಡೆಗಿದೆ. ಇವತ್ತು ಸಂಜೆ ಒಳ್ಳೆಯ ಕುಕ್ಕರು ಆ ಒಲೆಯ ಮೇಲಿರಬೇಕು. ಆಯೋಗ ಅದನ್ನು ಇವತ್ತು ಸಂಜೆಗೆ ಕೊಡುವುದಿಲ್ಲ.

“ನಂಬರ್ ನೋಡಿ ತಗೋತೀನಿ,” ಎಂದಳು.

“ನೋಡಿ, ನೋಡಿ. ನೋಡೇ ತಗೊಳ್ಳಿ.”

ಅವನು ಏಣಿ ಹತ್ತಿ ಮೇಲಿನ ಅಟ್ಟದಿಂದ ಡಬ್ಬಿಯೊಂದನ್ನು ಇಳಿಸಿದ. ಆ್ಯಪ್‌ನಲ್ಲಿ ನಂಬರು ಹಾಕುತ್ತಲೇ ಕಂಪನಿಯ ಹೆಸರು ಬಂತು, ಊರು ಬಂತು, ಕುಕ್ಕರ್ ಎಂದು ಬಂತು. ಮುಚ್ಚಳದಲ್ಲಿ ಗುಂಡಿಯಿತ್ತು. ಹೆಸರನ್ನು ಈ ಸಲ ನಂಬರು ಬಿಟ್ಟು ಬದಿಗೆ ಹಾಕಿ ಎಂದು ಅವಳು ಮುನೀರ್ ಭಾಯ್‌ಗೆ ಹೇಳಿದಳು. ಆತ ತಲೆಯಾಡಿಸಿ, ಹಳೆಯದನ್ನು ಎದುರಿಗಿಟ್ಟುಕೊಂಡು ಅದೇ ಕೊಂಬು, ಅದೇ ಸುರುಳಿ ಬರುವಂತೆ ಕೆತ್ತತೊಡಗಿದ. ಯಂತ್ರದ ಸೂಜಿ ಹಲ್ಲು ಕೊರೆಯುವಂತೆ ಕಿರುಗುಟ್ಟಿತು.

“ಆ ಫೋಟೋಗಳು ಇನ್ಯಾಕೆ ತಾಯಿ?” ಎಂದ ಆದಿನಾರಾಯಣ. “ಲೆಕ್ಕ ಮುಗೀತಲ್ಲ. ಹಳೇ ಬಿಲ್ಲೂ ಕೊಟ್ಬಿಡಿ, ಹೊಸದು ಬರ್ಕೊಡ್ತೀನಿ.”

ಅವಳು ಬಿಲ್ಲು ಕೊಟ್ಟಳು. ಕುಕ್ಕರಿನ ಫೋಟೋಗಳನ್ನು ಅಳಿಸಿದಳು. ರೇವತಿಯ ಕೈಯ ಮೇಲೆ ಬೆರಳು ಒಂದು ಗಳಿಗೆ ನಿಂತಿತು. ಅದನ್ನೂ ಅಳಿಸಿದಳು.

“ಅಳಿಸಿದ್ದೆಲ್ಲ ಕಸದ ಬುಟ್ಟಿ ಥರ ಒಂದರಲ್ಲಿ ಇರತ್ತಂತಲ್ಲ, ನನ್ ಮಗ ಹೇಳ್ತಿರ್ತಾನೆ. ಅಲ್ಲೂ ತೆಗ್ದುಬಿಡಿ,” ಎಂದ ಅವನು ನಗುತ್ತ. ಅಲ್ಲೂ ತೆಗೆದಳು.

“ಹಳೇದನ್ನ ಏನ್ ಮಾಡ್ತೀರಿ?”

“ಗುಜರಿಗೆ ತಾಯಿ. ಇನ್ನೇನ್ ಮಾಡ್ಲಿ, ತಲೆ ಮೇಲಿಟ್ಕೊಳ್ಲಾ?”

ಹೊಸ ಕುಕ್ಕರ್ ಚೀಲ ಸೇರಿತು. ಅವಳು ಚೀಲದ ಹಿಡಿಯನ್ನು ಹೆಗಲಿಗೆ ಏರಿಸಿಕೊಳ್ಳುವಷ್ಟರಲ್ಲಿ ಮೂಲೆಯಲ್ಲಿ ಬೇರೊಂದು ಯಂತ್ರ ಗುಂಯ್ಯೆಂದಿತು. ಮುನೀರ್ ಭಾಯ್ ಹಳೆಯ ಕುಕ್ಕರಿನ ತಳವನ್ನು ತಿರುಗುವ ಪಾಲಿಶ್ ಚಕ್ರಕ್ಕೆ ಒತ್ತಿ ಹಿಡಿದಿದ್ದ. ಮೊದಲು ದುರ್ಗೇಶ ಹೋದ. ಆಮೇಲೆ ಕಾವೇರಿ ಹೋದಳು. ಒರೆಸಿದಾಗ ಐಎಸ್‌ಐ ಗುರುತು ತುಸು ಸವೆದಿತ್ತು, ಹೆಸರಂತೂ ಎಲ್ಲೂ ಇರಲಿಲ್ಲ. ಆತ ಒಳಗನ್ನೂ ಹೊಳೆಯುವಂತೆ ಉಜ್ಜಿ, ಡ್ರಾಯರಿನಿಂದ ಹೊಸ ರಬ್ಬರು ತೆಗೆದು ಮುಚ್ಚಳಕ್ಕೆ ಕೂರಿಸಿ, ಕೆಳಗಿನ ಗೂಡಿನಲ್ಲಿದ್ದ ಖಾಲಿ ಡಬ್ಬಿಗೆ ಇಳಿಸಿದ. ಇದಾವುದನ್ನೂ ಯಾರೂ ಮರೆಮಾಡಲಿಲ್ಲ. ಅವಳ ಕಣ್ಣೆದುರೇ ನಡೆಯಿತು. ಇನ್ನು ಅವಳಿಂದ ಮುಚ್ಚಿಡುವಂಥದ್ದು ಏನೂ ಇಲ್ಲ ಎಂಬಂತೆ, ಅಂಗಡಿಯ ಒಳಗಿನವಳೇ ಎಂಬಂತೆ.

ಬಾಗಿಲಲ್ಲಿ ತಾಯಿ ಮಗಳು ಚಪ್ಪಲಿ ಬಿಟ್ಟು ಒಳಗೆ ಬಂದರು. ತಾಯಿಗೆ ಐವತ್ತರ ಆಸುಪಾಸು, ಮಗಳು ಕಾಲೇಜಿನ ಹುಡುಗಿ.

“ಕುಕ್ಕರ್ ತೋರ್ಸಣ್ಣ. ಚೆನ್ನಾಗಿರೋದು ತೋರ್ಸು.”

“ಮನೆಗಾಮ್ಮ, ಯಾರಿಗಾದ್ರೂ ಕೊಡಕ್ಕಾ?” ಎಂದ ಆದಿನಾರಾಯಣ.

“ಕೊಡಕ್ಕೆ. ನಮ್ಮ ಅಕ್ಕನ ಮಗಳ ಗೃಹಪ್ರವೇಶ.”

ಅವನು ಏಣಿಯ ಕಡೆ ನೋಡಲಿಲ್ಲ. ಕೆಳಗಿನ ಗೂಡಿಗೆ ಬಾಗಿದ.

ಕಾವೇರಿಗೆ ಆಗ ನೆನಪಾಯಿತು. ಅಂದು ಅವಳಿಗೂ ಇದನ್ನೇ ಕೇಳಿದ್ದ. ಹಾಗೇ, ಇಷ್ಟೇ ಸಲೀಸಾಗಿ. ಮನೆಗೆ ಎಂದಿದ್ದರೆ ಏಣಿ ಹತ್ತುತ್ತಿದ್ದ. ಕೊಡಲಿಕ್ಕೆ ಎಂದು ಅವಳು ಹೆಮ್ಮೆಯಿಂದ ಹೇಳಿದ್ದಳು.

ತಾಯಿ ಅವಳ ಚೀಲ ನೋಡಿ ಹತ್ತಿರ ಬಂದಳು. “ನೀವೂ ಇಲ್ಲೇ ತಗೊಂಡ್ರಾ? ಹೆಂಗ್ರೀ ಇವರದು, ಮಾಲು ಚೆನ್ನಾಗಿರತ್ತಾ?”

ಆದಿನಾರಾಯಣ ಡಬ್ಬಿ ಹಿಡಿದುಕೊಂಡು ನಿಂತ. ಹೆದರಿದವನ ಹಾಗೆ ಕಾಣಲಿಲ್ಲ. ಅವಳ ಉತ್ತರವನ್ನು ಅವನೂ ಗಿರಾಕಿಯ ಜೊತೆಗೆ ಕಾಯುತ್ತಿದ್ದ, ಅಷ್ಟೇ. ಹೇಳಬಹುದಿತ್ತು. ಹೇಳಿದರೆ ಅವನು, ನಿಮ್ಮ ಹತ್ತಿರ ಏನಿದೆ ತೋರಿಸಿ ಎನ್ನುತ್ತಾನೆ. ತೋರಿಸಲು ಅವಳ ಕೈಯಲ್ಲಿದ್ದದ್ದು ಒಂದು ಒಳ್ಳೆಯ ಕುಕ್ಕರು, ಅದರ ತಳದಲ್ಲಿ ಅವಳದೇ ಹೆಸರು. ಹಾಗೆ ಅವಳು ತನಗೆ ತಾನೇ ಹೇಳಿಕೊಂಡಳು. ಆದರೆ ಅವಳ ಬಾಯಿ ಕಟ್ಟಿದ್ದು ಅದಲ್ಲ ಎಂದೂ ಅವಳಿಗೆ ಗೊತ್ತಿತ್ತು. ಜಗಳವಾಗಿ ಅವನು ಚೀಲ ಕಿತ್ತುಕೊಂಡರೆ, ಸಂಜೆ ಬರಿಗೈಯಲ್ಲಿ ಪೀರಮ್ಮನ ಮುಂದೆ ನಿಲ್ಲಬೇಕು.

“ನೋಡಿ ತಗೊಳ್ಳಿ,” ಎಂದಳು.

“ಹೆಸರೂ ಫ್ರೀ ಹಾಕ್ಕೊಡ್ತಾರಂತೆ ಮಮ್ಮಿ,” ಎಂದಳು ಹುಡುಗಿ, ಮುನೀರ್ ಭಾಯ್‌ನ ಮೇಜಿನತ್ತ ನಡೆಯುತ್ತ.

ಕಾವೇರಿ ಮೆಟ್ಟಿಲಿಳಿದಳು. ಬೀದಿ ದಾಟಿ ನಿಲ್ದಾಣದವರೆಗೆ ಹಿಂದೆ ತಿರುಗಿ ನೋಡಲಿಲ್ಲ. ಮೆಟ್ರೊದಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮನೆ ಮುಟ್ಟಿದ ಮೇಲೆ ಹೆಸರಿಲ್ಲದೆ ಎಲ್ಲಿಗಾದರೂ ಒಂದು ದೂರು ಬರೆದು ಹಾಕಬೇಕು ಎಂದುಕೊಂಡಳು. ಬೈಯಪ್ಪನಹಳ್ಳಿ ಬರುವ ಹೊತ್ತಿಗೆ, ಬಿಲ್ಲಿಲ್ಲದ, ಫೋಟೋ ಇಲ್ಲದ, ಹೆಸರೂ ಇಲ್ಲದ ದೂರಿಗೆ ಎಂಥ ಉತ್ತರ ಬರುತ್ತದೆ ಎಂಬುದನ್ನು ಮನಸ್ಸಿನಲ್ಲೇ ಪೂರ್ತಿ ಟೈಪ್ ಮಾಡಿ ಮುಗಿಸಿದ್ದಳು.

ಪೀರಮ್ಮ ಹೇಳಿದಂತೆಯೇ ಕುಕ್ಕರನ್ನು ಬೋರಲು ಹಾಕಿ ಬೆರಳಾಡಿಸಿದಳು. “ಹೆಸರು ಹರಿತಾಗೈತಲ್ಲ.”

“ಪಾಲಿಶ್ ಮಾಡಿ ಕೊಟ್ರು,” ಎಂದಳು ಕಾವೇರಿ.

“ಮಾಡ್ಲಿ, ಮಾಡ್ಲಿ. ಬೆಂಗಳೂರು ಮಂದಿಗೆ ಎಲ್ಲಾ ಬರ್ತೈತಿ.”

ರೇವತಿ ಅದನ್ನು ಒಲೆಗೆ ಒಯ್ಯಲು ಎತ್ತಿದವಳು ಅರ್ಧಕ್ಕೇ ನಿಂತಳು. ಒಳ್ಳೆಯ ಕೈಗೆ ಒಮ್ಮೆ, ಸುಟ್ಟ ಕೈಗೆ ಒಮ್ಮೆ ಬದಲಿಸಿಕೊಂಡು ತೂಗಿ ನೋಡಿದಳು. ಮುಚ್ಚಳದ ಗುಂಡಿಯನ್ನು ಉಗುರಿನಿಂದ ಮುಟ್ಟಿದಳು. ಆಮೇಲೆ ಕಾವೇರಿಯ ಮುಖ ನೋಡಿದಳು. ದಿನಾ ಎತ್ತಿ ಇಳಿಸುವ ಪಾತ್ರೆಯ ಭಾರ ಯಾವ ಹೆಂಗಸಿಗೆ ತಿಳಿಯುವುದಿಲ್ಲ.

“ಅತ್ತಿಗೆಮ್ಮ...” ಎಂದಳು ಮೆಲ್ಲಗೆ.

ಪೀರಮ್ಮ ಅಂಗಳಕ್ಕೆ ಉಗುಳಲು ಹೋಗಿದ್ದಳು. ಈಗ ಹೇಳಬಹುದಿತ್ತು. ರೇವತಿ ಯಾರಿಗೂ ಬಾಯಿ ಬಿಡುವ ಹುಡುಗಿಯಲ್ಲ. ಕೈ ಹಿಡಿದುಕೊಂಡು ಒಂದಿಷ್ಟು ಅಳುತ್ತಿದ್ದಳು, ನನ್ನ ಸಲುವಾಗಿ ಇಷ್ಟೆಲ್ಲ ಮಾಡಿದಿರಿ ಎನ್ನುತ್ತಿದ್ದಳು. ದುರ್ಗೇಶನಿಗೆ ಹೇಳಿದರೆ ಬೆನ್ನು ತಟ್ಟುತ್ತಿದ್ದ. ಆದರೆ ರೇವತಿ ಕಣ್ಣೊರೆಸಿಕೊಂಡ ಮೇಲೆ ಒಂದು ಮಾತು ಕೇಳಿಯೇ ಕೇಳುತ್ತಾಳೆ. ಹಾಗಾದರೆ ಆ ಹಳೆಯದು ಈಗ ಎಲ್ಲಿದೆ?

“ರಬ್ಬರ್ ಹೊಸಾದು ಹಾಕ್ಯಾರ,” ಎಂದಳು ಕಾವೇರಿ. “ಅದಕ್ಕ ಹಂಗ ಅನ್ಸತೈತಿ.”

ರೇವತಿ ಇನ್ನೂ ನೋಡುತ್ತಲೇ ಇದ್ದಳು. ಕಾವೇರಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ತನ್ನ ಕೋಣೆಗೆ ಬಂದಳು. ಬಾಗಿಲು ಮುಂದೆ ಮಾಡುವಾಗಲೇ ಅವಳ ಮನಸ್ಸು ಗಟ್ಟಿಯಾಗಿತ್ತು. ದುರ್ಗೇಶನಿಗೂ ಹೇಳುವುದಿಲ್ಲ, ರೇವತಿಗೂ ಇಲ್ಲ, ಇನ್ನು ಯಾರಿಗೂ ಇಲ್ಲ.